ಪಾರ್ಶ್ವವಾಯು ಆದವರು ‘ಈಗ ಆರಾಮಿದ್ದೇನೆ’ ಎಂದು ಮಾತ್ರೆ ನಿಲ್ಲಿಸಬಹುದೇ? ಮಲೆನಾಡಿನ ಮನೆಗಳಲ್ಲಿ ಮಾತ್ರೆ ತಪ್ಪುವುದು ಯಾಕೆ?

‘ಲಕ್ವ ಹೊಡೆದು ಮೂರು ತಿಂಗಳಾದ ಮೇಲೆ ಇಂಗ್ಲಿಷ್ ಮಾತ್ರೆ ಬೇಡ. ರಕ್ತ ನೀರಾಗುತ್ತದೆ, ಲಿವರ್ ಹಾಳಾಗುತ್ತದೆ. ಬೆಳ್ಳುಳ್ಳಿ ಕಷಾಯ ಕುಡಿದರೆ ಸಾಕು.’ ಈ ಅರ್ಥದ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಕಳಿಸಿದವರಿಗೆ ಕೆಟ್ಟ ಉದ್ದೇಶ ಇರುವುದಿಲ್ಲ. ಆದರೆ ಮನೆಯಲ್ಲಿ ಒಮ್ಮೆ ಪಾರ್ಶ್ವವಾಯು ಆದವರಿದ್ದರೆ, ಅವರು ಈ ಮಾತನ್ನು ನಂಬಿ ಮಾತ್ರೆ ಬಿಟ್ಟರೆ, ಅದರ ಬೆಲೆ ದೊಡ್ಡದು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ವಿಷಯವನ್ನು ಬಿಡಿಸಿ ಹೇಳುತ್ತಿದ್ದೇವೆ. ಯಾಕೆಂದರೆ ಮಾತ್ರೆ ತಪ್ಪುವುದಕ್ಕೆ ಫಾರ್ವರ್ಡ್ ಒಂದೇ ಕಾರಣವಲ್ಲ. ಮಳೆ, ದಾರಿ, ದುಡ್ಡು, ಚೀಟಿಯ ಗೊಂದಲ, ಮನಸ್ಸಿನ ದಣಿವು ಎಲ್ಲವೂ ಸೇರಿವೆ.

ಚುಟುಕಾಗಿ ಉತ್ತರ

ಇಲ್ಲ, ನಿಲ್ಲಿಸಬಾರದು. ಪಾರ್ಶ್ವವಾಯು ಆದ ನಂತರ ಕೊಡುವ ಮಾತ್ರೆಗಳಲ್ಲಿ ಹೆಚ್ಚಿನವು ಆದ ಕಾಯಿಲೆಯನ್ನು ಗುಣಪಡಿಸಲಿಕ್ಕಲ್ಲ, ಮತ್ತೊಮ್ಮೆ ಆಗದಂತೆ ತಡೆಯಲಿಕ್ಕೆ. ಹಾಗಾಗಿ ಕೈಕಾಲು ಸರಿಯಾದರೂ ಮಾತ್ರೆಯ ಕೆಲಸ ಮುಗಿದಿರುವುದಿಲ್ಲ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಬದಲಿಸಬೇಕು ಎಂಬುದನ್ನು ಚಿಕಿತ್ಸೆ ಕೊಟ್ಟ ವೈದ್ಯರೇ ಹೇಳಬೇಕು.

ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2011ರ ವಿಶ್ಲೇಷಣೆಯೊಂದರ ಪ್ರಕಾರ, ಒಮ್ಮೆ ಪಾರ್ಶ್ವವಾಯು ಆದವರಲ್ಲಿ ಒಂದು ವರ್ಷದೊಳಗೆ ಸುಮಾರು 100ಕ್ಕೆ 11 ಜನರಿಗೆ, ಐದು ವರ್ಷದೊಳಗೆ ಸುಮಾರು 100ಕ್ಕೆ 26 ಜನರಿಗೆ ಮತ್ತೆ ಆಗುತ್ತದೆ. ಎರಡನೇ ಸಲದ ಹೊಡೆತ ಸಾಮಾನ್ಯವಾಗಿ ಮೊದಲಿನದಕ್ಕಿಂತ ಕಷ್ಟ. ಮೊದಲ ಸಲ ಕೋಲು ಹಿಡಿದು ಎದ್ದವರು ಎರಡನೇ ಸಲ ಹಾಸಿಗೆ ಹಿಡಿಯಬಹುದು.

ಈ ಮಾತ್ರೆಗಳು ಏನು ಮಾಡುತ್ತವೆ?

ಪಾರ್ಶ್ವವಾಯುವಿನಲ್ಲಿ ಎರಡು ಮುಖ್ಯ ಬಗೆ. ಮಿದುಳಿನ ರಕ್ತನಾಳ ಕಟ್ಟಿಕೊಳ್ಳುವುದು ಒಂದು, ರಕ್ತನಾಳ ಒಡೆದು ರಕ್ತ ಸೋರುವುದು ಇನ್ನೊಂದು. ಕಟ್ಟಿಕೊಳ್ಳುವ ಬಗೆಯೇ ಹೆಚ್ಚು. ಅದಕ್ಕೆ ಕೊಡುವ ಮಾತ್ರೆಗಳು ಸಾಮಾನ್ಯವಾಗಿ ಇವು:

• ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್. ಹೃದಯದ ಬಡಿತ ತಾಳ ತಪ್ಪುವ ತೊಂದರೆ ಇದ್ದರೆ ಇವುಗಳ ಬದಲು ವಾರ್ಫರಿನ್, ಎಪಿಕ್ಸಾಬಾನ್, ಡಾಬಿಗಾಟ್ರಾನ್‌ನಂಥವು.
• ಬಿಪಿ ಮಾತ್ರೆ. ಎರಡೂ ಬಗೆಯ ಪಾರ್ಶ್ವವಾಯುವಿಗೆ ಅಧಿಕ ರಕ್ತದೊತ್ತಡವೇ ಅತಿ ದೊಡ್ಡ ಕಾರಣ.
• ಅಟೋರ್ವಾಸ್ಟಾಟಿನ್‌ನಂಥ ಸ್ಟ್ಯಾಟಿನ್. ಇದು ಕೊಲೆಸ್ಟ್ರಾಲ್ ಇಳಿಸುವುದರ ಜೊತೆಗೆ ರಕ್ತನಾಳದೊಳಗಿನ ಜಿಡ್ಡಿನ ಪದರ ಒಡೆಯದಂತೆ ಗಟ್ಟಿಮಾಡುತ್ತದೆ.
• ಸಕ್ಕರೆ ಕಾಯಿಲೆ ಇದ್ದರೆ ಅದರ ಮಾತ್ರೆ ಅಥವಾ ಇನ್ಸುಲಿನ್.

ಒಂದು ಎಚ್ಚರಿಕೆ. ರಕ್ತಸ್ರಾವದ ಬಗೆಯ ಪಾರ್ಶ್ವವಾಯು ಆದವರಿಗೆ ಸಾಮಾನ್ಯವಾಗಿ ಆಸ್ಪಿರಿನ್ ಕೊಡುವುದಿಲ್ಲ, ಕೊಟ್ಟರೆ ಅಪಾಯವಾಗಬಹುದು. ಆದ್ದರಿಂದ ‘ಪಕ್ಕದ ಮನೆಯವರಿಗೂ ಇದೇ ಕಾಯಿಲೆ, ಇದೇ ಮಾತ್ರೆ’ ಎಂದು ಹಂಚಿಕೊಳ್ಳುವ ಅಭ್ಯಾಸ ಬೇಡವೇ ಬೇಡ.

ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ. ಮೋಸ ಹೋಗುವುದು ಅಲ್ಲೇ

ನೋವಿನ ಮಾತ್ರೆ ಬಿಟ್ಟರೆ ನೋವು ತಿರುಗಿ ಬರುತ್ತದೆ, ತಪ್ಪು ತಕ್ಷಣ ಗೊತ್ತಾಗುತ್ತದೆ. ಆಸ್ಪಿರಿನ್ ಹಾಗಲ್ಲ. ರಕ್ತದಲ್ಲಿ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಆಯಸ್ಸು ಸುಮಾರು 7ರಿಂದ 10 ದಿನ. ಆಸ್ಪಿರಿನ್ ತಾಗಿದ ಕಣ ಸಾಯುವ ತನಕ ಕೆಲಸ ಮಾಡುವುದಿಲ್ಲ. ಮಾತ್ರೆ ನಿಲ್ಲಿಸಿದಾಗ ದಿನದಿನಕ್ಕೆ ಹೊಸ ಕಣಗಳು ಬರುತ್ತವೆ, ಒಂದು ವಾರ, ಹತ್ತು ದಿನದಲ್ಲಿ ರಕ್ಷಣೆ ಪೂರ್ತಿ ಹೋಗುತ್ತದೆ. ಅಷ್ಟರಲ್ಲಿ ಮನೆಯವರು ‘ಬಿಟ್ಟು ವಾರ ಆಯ್ತು, ಏನೂ ಆಗಲಿಲ್ಲವಲ್ಲ’ ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ.

ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನೇ ನೋಡಿತು. ದೀರ್ಘಕಾಲ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಪಾರ್ಶ್ವವಾಯು ಆದ 309 ಜನರನ್ನು, ಆಗದ 309 ಜನರೊಂದಿಗೆ ಹೋಲಿಸಿತು. ಮಾತ್ರೆ ನಿಲ್ಲಿಸಿದ ನಂತರದ ನಾಲ್ಕು ವಾರಗಳಲ್ಲಿ ಪಾರ್ಶ್ವವಾಯುವಿನ ಸಂಭವ ಸುಮಾರು ಮೂರು ಪಟ್ಟಿಗಿಂತ ಹೆಚ್ಚು ಎಂದು ಕಂಡಿತು.

ಬಿಪಿಯದ್ದೂ ಇದೇ ಕಥೆ. ಬಿಪಿ ಏರಿದರೆ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ತಲೆನೋವು, ತಲೆಸುತ್ತು ಬಂದರೆ ಮಾತ್ರ ಬಿಪಿ ಜಾಸ್ತಿ ಎಂದು ತಿಳಿದವರು, ಅವು ಇಲ್ಲದ ದಿನ ಮಾತ್ರೆ ಬಿಡುತ್ತಾರೆ.

ಎಷ್ಟು ಜನ ಬಿಡುತ್ತಾರೆ?

ಇದು ನಮ್ಮ ಹಳ್ಳಿಗಳ ದೌರ್ಬಲ್ಯ ಮಾತ್ರ ಎಂದುಕೊಳ್ಳಬೇಡಿ. ಆರೋಗ್ಯ ವ್ಯವಸ್ಥೆ ಗಟ್ಟಿಯಿರುವ ಸ್ವೀಡನ್‌ನಲ್ಲೂ ಆಸ್ಪತ್ರೆಯಿಂದ ಮನೆಗೆ ಹೋದ ಎರಡು ವರ್ಷಕ್ಕೆ ನೋಡಿದಾಗ ಬಿಪಿ ಮಾತ್ರೆ ಮುಂದುವರಿಸಿದವರು 100ಕ್ಕೆ ಸುಮಾರು 74, ಆಸ್ಪಿರಿನ್‌ನಂಥವನ್ನು ಮುಂದುವರಿಸಿದವರು 64, ಸ್ಟ್ಯಾಟಿನ್ 56, ವಾರ್ಫರಿನ್ 45 ಮಾತ್ರ. ಈ ಲೆಕ್ಕ 2010ರಲ್ಲಿ ಪ್ರಕಟವಾಯಿತು.

ಅದೇ ವರ್ಷ ಪ್ರಕಟವಾದ ಅಮೆರಿಕದ ಅಧ್ಯಯನವೊಂದು 2,598 ರೋಗಿಗಳನ್ನು ಮೂರು ತಿಂಗಳ ನಂತರ ವಿಚಾರಿಸಿತು. ನಾಲ್ವರಲ್ಲಿ ಒಬ್ಬರು ಯಾವುದಾದರೂ ಒಂದು ಮಾತ್ರೆಯನ್ನಾದರೂ ಬಿಟ್ಟಿದ್ದರು. ಬಿಡದೆ ಮುಂದುವರಿಸಿದವರಲ್ಲಿ ಏನು ವಿಶೇಷ? ಮಾತ್ರೆಗಳ ಸಂಖ್ಯೆ ಕಡಿಮೆ ಇತ್ತು. ಪ್ರತಿ ಮಾತ್ರೆ ಯಾಕೆ ಎಂದು ಅವರಿಗೆ ಗೊತ್ತಿತ್ತು. ಖಾಲಿಯಾದರೆ ಎಲ್ಲಿ, ಹೇಗೆ ಮತ್ತೆ ತರಬೇಕೆಂದೂ ಗೊತ್ತಿತ್ತು. ಖರ್ಚಿಗೆ ವಿಮೆಯ ಆಸರೆ ಇತ್ತು. ‘ರೋಗಿಗೆ ಶಿಸ್ತಿಲ್ಲ’ ಎಂದು ಬೈಯುವ ಮೊದಲು ಈ ಪಟ್ಟಿಯನ್ನು ಇನ್ನೊಮ್ಮೆ ಓದಬೇಕು. ಇದರಲ್ಲಿ ಹೆಚ್ಚಿನವು ರೋಗಿಯ ಕೈಯಲ್ಲಷ್ಟೇ ಇರುವ ಸಂಗತಿಗಳಲ್ಲ.

ಮಲೆನಾಡಿನ ಮನೆಯಲ್ಲಿ ಮಾತ್ರೆ ತಪ್ಪುವ ದಾರಿಗಳು

1. ಮಳೆ ಮತ್ತು ದಾರಿ. ಮೂರೂ ತಾಲ್ಲೂಕು ಕೇಂದ್ರಗಳಿಂದ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆಗೆ ಸುಮಾರು 60–70 ಕಿಲೋಮೀಟರ್. ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬರುವುದೇ ಇನ್ನೊಂದು ಪ್ರಯಾಣ. ತೀರ್ಥಹಳ್ಳಿ ಕಡೆಯ ಅನೇಕರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ, ಹೊಸನಗರದ ಕಡೆಯವರು ಹುಲಿಕಲ್ ಘಾಟಿ ಇಳಿದು ಕುಂದಾಪುರ, ಉಡುಪಿ ಕಡೆಗೆ ಹೋಗುತ್ತಾರೆ. ಆಷಾಢದ ಮಳೆಯಲ್ಲಿ ಗುಡ್ಡ ಕುಸಿದರೆ ಘಾಟಿಯಲ್ಲಿ ಸಂಚಾರಕ್ಕೆ ತಡೆ ಬೀಳುತ್ತದೆ. ಶರಾವತಿ ಹಿನ್ನೀರಿನಾಚೆಯ ತುಮರಿ, ಬ್ಯಾಕೋಡು ಕಡೆಯವರಿಗೆ ದಶಕಗಳ ಕಾಲ ಲಾಂಚ್ ಒಂದೇ ಹತ್ತಿರದ ದಾರಿ, ಸಂಜೆಯಾದರೆ ಅದೂ ಇಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಆ ಕಷ್ಟ ಎಷ್ಟೋ ಇಳಿದಿದೆ. ಆದರೂ ‘ಮಳೆ ನಿಂತ ಮೇಲೆ ಹೋಗಿ ತಂದರಾಯ್ತು’ ಎಂಬ ಮಾತು ಮನೆಮನೆಯಲ್ಲೂ ಇದೆ. ಮಳೆ ನಿಲ್ಲುವಷ್ಟರಲ್ಲಿ ಮಾತ್ರೆ ಬಿಟ್ಟು ತಿಂಗಳಾಗಿರುತ್ತದೆ.

2. ಕೊಯ್ಲು ಮತ್ತು ದುಡ್ಡು. ಅಡಿಕೆ ಕೊಯ್ಲಿನ ದಿನಗಳಲ್ಲಿ ರೋಗಿಯನ್ನು ಕರೆದೊಯ್ಯಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಅಡಿಕೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಮಾತ್ರೆಯ ಖರ್ಚು ಬರುವುದು ತಿಂಗಳಿಗೊಮ್ಮೆ. ಕೂಲಿ ಮಾಡುವವರಿಗಂತೂ ಆಸ್ಪತ್ರೆಗೆ ಹೋದ ದಿನದ ಸಂಬಳವೂ ಹೋಯಿತು, ಜೊತೆಗೆ ಹೋದವರದ್ದೂ ಹೋಯಿತು. ಆಯುಷ್ಮಾನ್ ಕಾರ್ಡ್ ನೆರವಾಗುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದಾಗ. ಮನೆಗೆ ಬಂದ ಮೇಲೆ ವರ್ಷಗಟ್ಟಲೆ ನುಂಗುವ ಮಾತ್ರೆಯ ಖರ್ಚು ಬೇರೆ. ಆಗ ಶುರುವಾಗುತ್ತದೆ ‘ದಿನ ಬಿಟ್ಟು ದಿನ ತೆಗೆದುಕೊಳ್ಳುವ’ ಉಳಿತಾಯ.

3. ಚೀಟಿಯ ಗೊಂದಲ. ಕೆಲವರಿಗೆ ಮೊದಲ ಮೂರು ವಾರ ಅಥವಾ ಮೂರು ತಿಂಗಳು ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಎರಡನ್ನೂ ಕೊಟ್ಟು, ನಂತರ ಒಂದನ್ನು ನಿಲ್ಲಿಸುತ್ತಾರೆ. ಇದು ಸರಿಯಾದ ಕ್ರಮ. ಆದರೆ ಮನೆಯಲ್ಲಿ ಅದು ‘ಡಾಕ್ಟರೇ ಮಾತ್ರೆ ನಿಲ್ಲಿಸಿದ್ದಾರೆ’ ಎಂದಾಗುತ್ತದೆ. ಇನ್ನು ಕೆಲವರು ಹಳೆಯ ಚೀಟಿಯನ್ನೇ ಅಂಗಡಿಗೆ ತೋರಿಸಿ, ನಿಲ್ಲಿಸಬೇಕಿದ್ದ ಮಾತ್ರೆಯನ್ನೂ ಮುಂದುವರಿಸುತ್ತಾರೆ. ಕಂಪನಿ ಬದಲಾದರೆ ಮಾತ್ರೆಯ ಬಣ್ಣ, ಆಕಾರ ಬದಲಾಗುತ್ತದೆ. ‘ಕೆಂಪು ಮಾತ್ರೆ’ ಎಂದು ಗುರುತಿಟ್ಟುಕೊಂಡವರು ಬಿಳಿ ಮಾತ್ರೆ ಬಂದಾಗ ಬಿಟ್ಟುಬಿಡುತ್ತಾರೆ, ಇಲ್ಲವೇ ಎರಡನ್ನೂ ನುಂಗುತ್ತಾರೆ.

4. ಕಾಯಿಲೆಯೇ ತರುವ ಅಡ್ಡಿ. ಒಂದು ಕೈ ಬಿದ್ದುಹೋದವರಿಗೆ ಮಾತ್ರೆಯ ಹಾಳೆ ಒಡೆಯುವುದೇ ಕಷ್ಟ. ನುಂಗಲು ತೊಂದರೆ ಇರುತ್ತದೆ. ನೆನಪು ಮಾಸಿರುತ್ತದೆ. ಮಾತು ನಿಂತವರು ‘ಮಾತ್ರೆ ಕೊಟ್ಟಿಲ್ಲ’ ಎಂದು ಹೇಳಲೂ ಆಗುವುದಿಲ್ಲ. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರೇ. ಒಬ್ಬರಿಗೆ ಕಣ್ಣು ಮಂಜು, ಇನ್ನೊಬ್ಬರಿಗೆ ಪಾರ್ಶ್ವವಾಯು. ಮಾತ್ರೆ ಕೊಡುವ ಜೀವವೇ ಹುಷಾರು ತಪ್ಪಿದರೆ ಎಲ್ಲವೂ ನಿಲ್ಲುತ್ತದೆ.

5. ಮನಸ್ಸು. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ‘ಇನ್ನು ಯಾಕೆ ಮಾತ್ರೆ, ಯಾರಿಗೆ ಭಾರ ಆಗಿ ಬದುಕಬೇಕು’ ಎನ್ನುವ ಮಾತು ಹಟವಲ್ಲ, ಸೋಮಾರಿತನವಲ್ಲ. ಅದೂ ಕಾಯಿಲೆಯ ಭಾಗ, ಅದಕ್ಕೂ ಚಿಕಿತ್ಸೆ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

6. ನಾಟಿ ಔಷಧದ ಪಥ್ಯ. ಮಲೆನಾಡಿನಲ್ಲಿ ನಾಟಿ ವೈದ್ಯದ ಮೇಲಿನ ನಂಬಿಕೆ ಹಳೆಯದು. ಎಣ್ಣೆ ತಿಕ್ಕಿಸಿಕೊಳ್ಳುವುದರಿಂದ ಮೈಗೆ ಹಿತ ಎನಿಸಿದರೆ ಅದಕ್ಕೆ ನಮ್ಮ ತಕರಾರಿಲ್ಲ. ತೊಂದರೆ ಆಗುವುದು ‘ಈ ಔಷಧ ತೆಗೆದುಕೊಳ್ಳುವಾಗ ಇಂಗ್ಲಿಷ್ ಮಾತ್ರೆ ಮುಟ್ಟಬಾರದು’ ಎಂಬ ಪಥ್ಯದಿಂದ. ಪಾರ್ಶ್ವವಾಯು ಆದ ಮೊದಲ ವಾರಗಳಲ್ಲೇ ಮರುಕಳಿಸುವ ಅಪಾಯ ಅತಿ ಹೆಚ್ಚು. ಜನ ನಾಟಿ ಔಷಧಕ್ಕೆ ಓಡಾಡುವುದೂ ಅದೇ ವಾರಗಳಲ್ಲಿ. ಪಾರ್ಶ್ವವಾಯು ಆದ ಕೈಕಾಲು ತಿಂಗಳುಗಳಲ್ಲಿ ತಾನಾಗಿಯೇ ಒಂದಿಷ್ಟು ಚೇತರಿಸಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ಯಾವುದನ್ನು ತೆಗೆದುಕೊಳ್ಳುತ್ತಿದ್ದರೋ ಅದಕ್ಕೇ ಹೆಸರು ಬರುತ್ತದೆ.

ಫಾರ್ವರ್ಡ್ ಏನು ಹೇಳುತ್ತದೆ, ವಾಸ್ತವ ಏನು?

‘ರಕ್ತ ತೆಳುವಾಗಿಸುವ ಮಾತ್ರೆಯಿಂದ ರಕ್ತ ನೀರಾಗುತ್ತದೆ.’ ರಕ್ತ ನೀರಾಗುವುದಿಲ್ಲ. ಹೆಪ್ಪುಗಟ್ಟುವ ಗುಣ ಸ್ವಲ್ಪ ತಗ್ಗುತ್ತದೆ, ಅಷ್ಟೇ. ರಕ್ತಸ್ರಾವದ ಅಪಾಯ ಸ್ವಲ್ಪ ಹೆಚ್ಚುವುದು ನಿಜ. ಮಲ ಕಪ್ಪಾದರೆ, ಮೂತ್ರದಲ್ಲಿ ಅಥವಾ ವಾಂತಿಯಲ್ಲಿ ರಕ್ತ ಕಂಡರೆ, ಬಿದ್ದು ತಲೆಗೆ ಪೆಟ್ಟಾದರೆ ತಕ್ಷಣ ಆಸ್ಪತ್ರೆಗೆ ಹೋಗಿ.

‘ಬಿಪಿ ನಾರ್ಮಲ್ ಬಂತು, ಇನ್ನು ಮಾತ್ರೆ ಬೇಡ.’ ನಾರ್ಮಲ್ ಬಂದಿರುವುದು ಮಾತ್ರೆಯಿಂದ. ಕೊಡೆ ಹಿಡಿದಿದ್ದಕ್ಕೆ ನೆನೆಯಲಿಲ್ಲ ಎಂದು ಮಳೆಯಲ್ಲೇ ಕೊಡೆ ಮಡಚಿದ ಹಾಗೆ ಇದು. 2001ರಲ್ಲಿ ಪ್ರಕಟವಾದ ಪ್ರೋಗ್ರೆಸ್ ಎಂಬ ದೊಡ್ಡ ಅಧ್ಯಯನದಲ್ಲಿ, ಮೊದಲೇ ಪಾರ್ಶ್ವವಾಯು ಅಥವಾ ಅದರ ಮುನ್ಸೂಚನೆ ಕಂಡಿದ್ದ 6,105 ಜನರಿದ್ದರು. ಬಿಪಿ ಇಳಿಸುವ ಚಿಕಿತ್ಸೆ ಪಡೆದವರಲ್ಲಿ ಪಾರ್ಶ್ವವಾಯು ಮರುಕಳಿಸುವುದು ಶೇ 28ರಷ್ಟು ಕಡಿಮೆಯಾಯಿತು.

‘ಕೊಲೆಸ್ಟ್ರಾಲ್ ಮಾತ್ರೆ ಲಿವರ್ ತಿನ್ನುತ್ತದೆ.’ ಸ್ಟ್ಯಾಟಿನ್‌ನಿಂದ ಗಂಭೀರ ಲಿವರ್ ತೊಂದರೆ ತೀರಾ ಅಪರೂಪ. ಕೆಲವರಿಗೆ ಮೈಕೈ ನೋವು ಬರಬಹುದು. ಬಂದರೆ ವೈದ್ಯರು ಪ್ರಮಾಣ ತಗ್ಗಿಸುತ್ತಾರೆ, ಇಲ್ಲವೇ ಮಾತ್ರೆ ಬದಲಿಸುತ್ತಾರೆ. ಸುಮ್ಮನೆ ಬಿಡುವ ಬದಲು ಹೇಳಿ.

‘ವರ್ಷಕ್ಕೆರಡು ಸಲ ಡ್ರಿಪ್ ಹಾಕಿಸಿಕೊಂಡರೆ ನರ ಕ್ಲೀನ್ ಆಗುತ್ತದೆ.’ ರಕ್ತನಾಳ ತೊಳೆಯುವ ಯಾವ ಡ್ರಿಪ್ಪೂ ಇಲ್ಲ. ಅದಕ್ಕೆ ಕೊಡುವ ದುಡ್ಡಿನಲ್ಲಿ ಎಷ್ಟೋ ತಿಂಗಳ ಜೆನೆರಿಕ್ ಮಾತ್ರೆ ಬರುತ್ತದೆ.

‘ಲಕ್ವ ಹೊಡೆದಾಗ ಹತ್ತೂ ಬೆರಳಿಗೆ ಸೂಜಿ ಚುಚ್ಚಿ.’ ಇದು ಬಹಳ ವರ್ಷಗಳಿಂದ ಸುತ್ತುತ್ತಿರುವ ಸುಳ್ಳು. ಚಿಕಿತ್ಸೆ ಸಿಗದ ಪ್ರತಿ ನಿಮಿಷಕ್ಕೆ ಮಿದುಳಿನ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಸೂಜಿ ಹುಡುಕುವ ಸಮಯವೂ ಅದರಲ್ಲೇ ಸೇರುತ್ತದೆ.

‘ಹಲ್ಲು ಕೀಳಿಸುವ ಮೊದಲು ಆಸ್ಪಿರಿನ್ ನಿಲ್ಲಿಸಿ.’ ಸಾಮಾನ್ಯ ಹಲ್ಲಿನ ಚಿಕಿತ್ಸೆಗೆ ಹೆಚ್ಚಿನವರಿಗೆ ಇದರ ಅಗತ್ಯವಿಲ್ಲ. ದಂತವೈದ್ಯರಿಗೆ ಮಾತ್ರೆಯ ವಿಷಯ ಮೊದಲೇ ಹೇಳಿ, ತೀರ್ಮಾನ ಅವರದ್ದು ಮತ್ತು ನಿಮ್ಮ ವೈದ್ಯರದ್ದು.

ನಮ್ಮ ಕಡೆಗೇ ಸೇರಿದ ಒಂದು ಎಚ್ಚರಿಕೆ: ಮಂಗನ ಕಾಯಿಲೆ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಈ ಮೂರೂ ತಾಲ್ಲೂಕುಗಳಿಗೆ ಪರಿಚಿತ. 2018–19ರ ಬೇಸಗೆಯಲ್ಲಿ ಸಾಗರದ ಅರಳಗೋಡು ಕಡೆ ಅದು ಕೊಟ್ಟ ನೋವನ್ನು ಯಾರೂ ಮರೆತಿಲ್ಲ. ಈ ಜ್ವರದಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗಬಹುದು. ಡೆಂಗಿಯಲ್ಲೂ ಹಾಗೆಯೇ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುವವರಿಗೆ ಜೋರು ಜ್ವರ ಬಂದರೆ ತಡಮಾಡದೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ‘ನಾನು ಈ ಮಾತ್ರೆಯಲ್ಲಿದ್ದೇನೆ’ ಎಂದು ಮೊದಲ ಮಾತಿನಲ್ಲೇ ಹೇಳಿ. ಕೆಲವು ದಿನ ನಿಲ್ಲಿಸಬೇಕೋ ಬೇಡವೋ ಎಂದು ರಕ್ತಪರೀಕ್ಷೆ ನೋಡಿ ಅವರು ಹೇಳುತ್ತಾರೆ. ನಿಲ್ಲಿಸಿದರೆ ಮತ್ತೆ ಯಾವ ದಿನ ಶುರು ಮಾಡಬೇಕು ಎಂದು ಕೇಳಿ ಬರೆಸಿಕೊಳ್ಳಿ. ಜ್ವರಕ್ಕೆಂದು ಬಿಟ್ಟ ಮಾತ್ರೆ ಮತ್ತೆ ಶುರುವಾಗದೇ ಉಳಿಯುವುದುಂಟು.

ಮನೆಯಲ್ಲಿ ಏನು ಮಾಡಬಹುದು?

• ಒಂದು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ: ಮಾತ್ರೆಯ ಹೆಸರು, ಯಾಕೆ, ಎಷ್ಟು ಹೊತ್ತಿಗೆ, ಎಷ್ಟು ದಿನ. ‘ಬಣ್ಣ’ ಬರೆಯಬೇಡಿ, ಔಷಧದ ಹೆಸರು ಬರೆಯಿರಿ. ಅದರ ಫೋಟೋ ಮನೆಯವರೆಲ್ಲರ ಫೋನಿನಲ್ಲಿರಲಿ.
• ಏಳು ದಿನದ ಮಾತ್ರೆ ಡಬ್ಬಿಗೆ ಭಾನುವಾರ ತುಂಬಿಸಿಡಿ. ತಪ್ಪಿದ್ದು ಕಣ್ಣಿಗೇ ಕಾಣುತ್ತದೆ.
• ಮಾತ್ರೆಯನ್ನು ದಿನವೂ ತಪ್ಪದ ಒಂದು ಕೆಲಸಕ್ಕೆ ಜೋಡಿಸಿ. ಬೆಳಗಿನ ಕಾಫಿ, ಸಂಜೆ ದೇವರ ದೀಪ, ರಾತ್ರಿ ಊಟ.
• ಏಕಾದಶಿ, ಸಂಕಷ್ಟಿ ಉಪವಾಸದ ದಿನ ಬಿಪಿ ಮಾತ್ರೆ ತಪ್ಪಿಸಬೇಡಿ. ಸಕ್ಕರೆ ಮಾತ್ರೆ ಇದ್ದರೆ ಉಪವಾಸದ ಬಗ್ಗೆ ವೈದ್ಯರನ್ನು ಮೊದಲೇ ಕೇಳಿ.
• ಒಂದು ಹೊತ್ತು ಮರೆತರೆ ಮರುದಿನ ಎರಡು ನುಂಗಬೇಡಿ.
• ನುಂಗಲು ಕಷ್ಟವಾದರೆ ವೈದ್ಯರನ್ನು ಕೇಳದೆ ಪುಡಿ ಮಾಡಬೇಡಿ. ನಿಧಾನವಾಗಿ ಕರಗುವ ಮಾತ್ರೆ, ಡಾಬಿಗಾಟ್ರಾನ್ ಕ್ಯಾಪ್ಸೂಲ್ ಇವುಗಳನ್ನು ಒಡೆಯಲೇಬಾರದು.
• ಜೂನ್‌ಗೆ ಮೊದಲೇ ಮಳೆಗಾಲಕ್ಕೆಂದು ಎರಡು ತಿಂಗಳ ಮಾತ್ರೆ ಸಿಗುವುದೇ ಎಂದು ಕೇಳಿ. ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡುವ ಪಟ್ಟಿಗೆ ಇದನ್ನೂ ಸೇರಿಸಿ. ಡಬ್ಬಿ ಒಲೆಯ ಹತ್ತಿರ, ತೇವದ ಗೋಡೆಯ ಹತ್ತಿರ ಇಡಬೇಡಿ.
• ಅಪ್ಪೆಮಿಡಿ ಉಪ್ಪಿನಕಾಯಿ ನಮ್ಮ ಊರಿನ ಹೆಮ್ಮೆ. ಆದರೆ ದಿನಾ ಮೂರು ಹೊತ್ತು ಅದಿದ್ದರೆ ಬಿಪಿ ಮಾತ್ರೆಯ ಕೆಲಸಕ್ಕೆ ಅಡ್ಡಿ. ಎಲೆಯಡಿಕೆಯ ಜೊತೆಗಿನ ಹೊಗೆಸೊಪ್ಪು ಪೂರ್ತಿ ಬಿಡಬೇಕು.
• ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಆದರೆ ಪ್ರತಿವಾರ ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಲಿ. ಕಷಾಯ, ನಾಟಿ ಔಷಧ ಶುರುಮಾಡುವ ಮೊದಲು ತಿಳಿಸಿ, ರಕ್ತಪರೀಕ್ಷೆ ತಪ್ಪಿಸಬೇಡಿ.

ಖರ್ಚು ತಗ್ಗಿಸಲು ದಾರಿಗಳಿವೆ. ಬಿಪಿ, ಸಕ್ಕರೆ ಕಾಯಿಲೆಯ ಸಾಮಾನ್ಯ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಜನೌಷಧಿ ಅಂಗಡಿಯ ಜೆನೆರಿಕ್ ಮಾತ್ರೆಯಲ್ಲೂ ಅದೇ ಔಷಧ ಇರುತ್ತದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ ನಂತರ ರಾಜ್ಯದ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ಬಿಪಿ, ಸಕ್ಕರೆ ನೋಡುತ್ತಾರೆ. ನಿಮ್ಮ ಊರಿಗೆ ಯಾವಾಗ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ.

ಫೋನಿನ ಸಂದೇಶದಿಂದ ಪ್ರಯೋಜನ ಆಗುವುದೇ?

ಇದನ್ನು ನಮ್ಮ ದೇಶದಲ್ಲೇ ಪರೀಕ್ಷಿಸಿದ್ದಾರೆ. ಸ್ಪ್ರಿಂಟ್ ಇಂಡಿಯಾ ಎಂಬ ಅಧ್ಯಯನದಲ್ಲಿ 31 ಆಸ್ಪತ್ರೆಗಳ 4,298 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಅವರವರ ಭಾಷೆಯಲ್ಲಿ ಸಂದೇಶ, ಚಿಕ್ಕ ವಿಡಿಯೊ, ಒಂದು ಪುಸ್ತಿಕೆ ಕೊಟ್ಟರು. 2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಒಂದು ವರ್ಷದಲ್ಲಿ ಪಾರ್ಶ್ವವಾಯು, ಹೃದಯಾಘಾತ, ಸಾವಿನ ಸಂಖ್ಯೆ ಕಡಿಮೆಯಾಗಲಿಲ್ಲ. ಆದರೆ ಮಾತ್ರೆ ಸರಿಯಾಗಿ ತೆಗೆದುಕೊಳ್ಳುವವರು, ಸಿಗರೇಟು ಮತ್ತು ಮದ್ಯ ಬಿಟ್ಟವರು ಹೆಚ್ಚಾದರು. ಅಂದರೆ ಒಳ್ಳೆಯ ಸಂದೇಶ ಅಭ್ಯಾಸವನ್ನು ಬದಲಿಸುತ್ತದೆ, ಆದರೆ ಅದೊಂದೇ ಸಾಲದು. ಬಿಪಿ ಅಳೆಯುವ ಕೈ, ಮಾತ್ರೆ ತಂದುಕೊಡುವ ಕಾಲು, ಜೊತೆಗೆ ಕೂತು ಕೇಳುವ ಕಿವಿ ಎಲ್ಲವೂ ಬೇಕು.

ಈ ಲಕ್ಷಣ ಕಂಡರೆ ಕಾಯಬೇಡಿ

ಮುಖ ಒಂದು ಕಡೆ ವಾಲುವುದು, ಒಂದು ಕೈ ಅಥವಾ ಕಾಲಿನ ಶಕ್ತಿ ಹೋಗುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಕಣ್ಣು ಮಂಜಾಗುವುದು ಅಥವಾ ಸಮತೋಲನ ತಪ್ಪುವುದು. ಹತ್ತು ನಿಮಿಷದಲ್ಲಿ ಸರಿಹೋದರೂ 108ಕ್ಕೆ ಕರೆ ಮಾಡಿ. ಲಕ್ಷಣ ಶುರುವಾದ ಹೊತ್ತನ್ನು ಬರೆದಿಟ್ಟುಕೊಳ್ಳಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಸಿಗುವುದು ನಾಲ್ಕೂವರೆ ಗಂಟೆ ಮಾತ್ರ. ಸ್ಕ್ಯಾನ್ ಆಗುವ ಮೊದಲು ಮನೆಯಲ್ಲೇ ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವದ ಬಗೆಯೂ ಆಗಿರಬಹುದು. ನುಂಗಲು ಏನನ್ನೂ ಕೊಡಬೇಡಿ.

ಕೊನೆಗೆ

ಮಾತ್ರೆ ಬಿಟ್ಟವರನ್ನು ಗದರಿಸುವ ಬದಲು ‘ಯಾಕೆ ಬಿಟ್ಟಿರಿ’ ಎಂದು ಒಮ್ಮೆ ಕೇಳಿ ನೋಡಿ. ಖಾಲಿಯಾಗಿತ್ತು, ದುಡ್ಡಿರಲಿಲ್ಲ, ಹೊಟ್ಟೆ ಉರಿ ಬಂತು, ಯಾರೋ ಹೇಳಿದರು, ಬೇಸರವಾಗಿತ್ತು. ಪ್ರತಿ ಉತ್ತರಕ್ಕೂ ಬೇರೆ ಬೇರೆ ಪರಿಹಾರ ಇದೆ. ಊರಿನಿಂದ ದೂರ ಇರುವವರು ಇಂದು ಸಂಜೆ ಮನೆಗೆ ಫೋನ್ ಮಾಡಿದಾಗ ‘ಊಟ ಆಯ್ತಾ’ ಎಂದ ಮೇಲೆ ‘ಮಾತ್ರೆ ಎಷ್ಟು ದಿನಕ್ಕಿದೆ’ ಎಂದೂ ಕೇಳಿ.

ಇದು ಸಾಮಾನ್ಯ ಮಾಹಿತಿ, ನಿಮ್ಮ ವೈದ್ಯರ ಸಲಹೆಗೆ ಬದಲಿಯಲ್ಲ. ಬೆಳ್ಳುಳ್ಳಿ ಕಷಾಯದ ಫಾರ್ವರ್ಡ್ ಬಂದ ಗುಂಪಿಗೇ ಇದನ್ನೂ ಕಳಿಸಿ.